ತಟ್ಟೆಯೊಳಗಿನ ಯೌವನ, ದೊಡ್ಡಮ್ಮನ ಕಣ್ಣು

ಮಾನ್ಯ ನಿರ್ದೇಶಕರೇ,

"ವೃದ್ಧರ ಜೀವಕೋಶಗಳಿಗೆ ಮರಳಿ ಯೌವನ" ಎಂಬ ತಮ್ಮ ಪತ್ರಿಕಾ ಪ್ರಕಟಣೆ ನನ್ನ ದೊಡ್ಡಮ್ಮನ ಕಣ್ಣಿಗೆ ಕುತ್ತು ತಂದಿದೆ. ಅದನ್ನು ತಿದ್ದಿ.

ತಮಗೆ ನನ್ನ ಪರಿಚಯವಿರಲಾರದು. ತಮ್ಮ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಗಳಲ್ಲಿ ಬೆಳೆಯುವ ಕೋಶಗಳಿಗೆ ದಿನ ಬಿಟ್ಟು ದಿನ ಆಹಾರದ ದ್ರವ ಬದಲಿಸುವವಳು ನಾನು. ವಿಭಜನೆ ನಿಲ್ಲಿಸಿ, ಸಾಯದೆಯೂ ಸುಮ್ಮನೆ ಕುಳಿತ ಕೋಶಗಳ ತಟ್ಟೆಗಳನ್ನು ನಾವು ತಮಾಷೆಗೆ "ಅಜ್ಜಿಯರು" ಎನ್ನುತ್ತೇವೆ. ತಮ್ಮ ಔಷಧಿಯಿಂದ ಕೆಲವು ಅಜ್ಜಿಯರು ಒಂದಷ್ಟು ದಿನ ಮತ್ತೆ ವಿಭಜನೆಗೊಂಡಿದ್ದು ನಿಜ. ಅವರಿಗೆ ಪತ್ರಿಕೆಯಲ್ಲಿ ಫೋಟೊ, ಉಳಿದವರಿಗೆ ಕೊಂದು ಚೆಲ್ಲುವ ಬ್ಲೀಚಿನ ಬಕೆಟ್ಟು. ಅಷ್ಟುದ್ದದ ಪ್ರಕಟಣೆಯಲ್ಲಿ ಆ ಬಕೆಟ್ಟಿಗೆ ಒಂದು ಸಾಲಿನ ಜಾಗವೂ ಸಿಗಲಿಲ್ಲವೇ?

ಟೈಲರ್ ಆಗಿದ್ದ ದೊಡ್ಡಮ್ಮ ನನ್ನ ಒತ್ತಾಯಕ್ಕೇ ಈ ಪ್ರಯೋಗಕ್ಕೆ ತೋಳಿನ ಚರ್ಮದ ಚೂರು ಕೊಟ್ಟವರು. ಪ್ರಕಟಣೆಯನ್ನು ಅವರಿಗೆ ಓದಿ ಹೇಳಿದವಳೂ ನಾನೇ. ಹಿರಿಹಿರಿ ಹಿಗ್ಗಿ, ಫೋಟೊ ಕತ್ತರಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದರು. ಈಗ ಕಣ್ಣೊಳಗೆ ಏರಿದ ಒತ್ತಡಕ್ಕೆ ಆಪರೇಷನ್ ಆಗಲೇಬೇಕು, ತಡವಾದರೆ ಇರುವ ದೃಷ್ಟಿಯೂ ಹೋಗುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರೆ ಕೇಳಬೇಕಲ್ಲ!

"ಜೀವನವೆಲ್ಲಾ ಕತ್ತರಿ ಹಿಡಿದೋಳಿಗೇ ಕತ್ತರಿ ಹಾಕ್ತಾರಂತೆ! ಚರ್ಮಕ್ಕೆ ಪ್ರಾಯ ಬಂತು ಅಂದ್ಮೇಲೆ ಕಣ್ಣಿಗೂ ಬರುತ್ತೆ ಬಿಡು."

"ಅದು ಬರೀ ತಟ್ಟೇಲಿ ದೊಡ್ಡಮ್ಮ, ಮೈಯಲ್ಲಲ್ಲ."

"ತಟ್ಟೇಲಿರೋದು ನಂದೇ ತಾನೇ?"

ಫೋಟೊದಲ್ಲಿದ್ದ ತಟ್ಟೆ ಅವರದಲ್ಲ. ಅವರ ಕೋಶಗಳು ಔಷಧಿಗೆ ಜಗ್ಗಲೇ ಇಲ್ಲ. ತಟ್ಟೆಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ; ಆದರೆ ಅವರ ಸಂಖ್ಯೆ ನನಗೆ ಗೊತ್ತಿತ್ತು. ಬಕೆಟ್ಟಿಗೆ ಸುರಿದದ್ದು ಈ ಕೈಯೇ. ಪ್ರಕಟಣೆ ಓದುವಾಗಲೂ ಅದು ನೆನಪಿತ್ತು. ಪಾಪ, ಖುಷಿಪಡಲಿ ಎಂದು ಬಾಯಿ ಮುಚ್ಚಿಕೊಂಡೆ. ತಮ್ಮದು ಅರ್ಧ ಸತ್ಯವಾದರೆ ನನ್ನದು ಪೂರ್ತಿ ಸುಳ್ಳು. ತಮ್ಮನ್ನು ಬೈಯಲು ಕೂತರೂ ನಾಚಿಕೆ ನನಗೇ ಆಗುತ್ತಿದೆ.

ನಿನ್ನೆ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ದೊಡ್ಡಮ್ಮ ಇನ್ನೊಂದು ತೋಳಿನ ಬಟ್ಟೆ ಮೇಲೇರಿಸಿದರು.

"ನೀನೇ ಏನೋ ಕೆಡಿಸಿರ್ತೀಯ. ಈ ಕಡೇದು ತಗೊಂಡು ಹೋಗು. ಅಷ್ಟು ದೊಡ್ಡ ಸಾಹೇಬ್ರು ಸುಳ್ಳು ಹೇಳ್ತಾರಾ?"

ಆದ್ದರಿಂದ ಚರ್ಮ ಕೊಟ್ಟವರನ್ನೆಲ್ಲ ಈ ವಾರವೇ ಕರೆಸಿ. ಯಾರ ಕೋಶ ಏನಾಯಿತು, ಇದರಿಂದ ಇನ್ನೂ ಯಾವ ಮದ್ದೂ ಆಗಿಲ್ಲ ಎಂಬುದನ್ನು ತಾವೇ ಬಾಯಿಬಿಟ್ಟು ಹೇಳಿ. ದೊಡ್ಡಮ್ಮನಿಗೆ ಕಣ್ಣು ಕಾಣುತ್ತಿರುವಾಗಲೇ ಹೇಳಿ.

ಇಂತಿ,
ಮನೆಯಲ್ಲಿ ತಮ್ಮಷ್ಟು ನಂಬಿಕೆ ಗಳಿಸದ,
ತಮ್ಮ ಕೋಶಗಳಿಗೆ ಉಣಿಸುವವಳು