ಅಂಟುಬಾಯಿಯನ್ನು ನೀರಿಗೆ ಬಿಟ್ಟವರಿಗೆ

ಗಾಳಿಕೇರಿ,
ಕೆರೆಗಳು ಕುಸಿದ ಮೇಲಿನ ನೂರಾಹದಿನೆಂಟನೆಯ ವರ್ಷ,
ಎರಡನೆಯ ಆಷಾಢದ ನಲವತ್ತೊಂದನೆಯ ದಿನ.

ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕುವ ಹಿಂದಿನವರೇ,

ತಿಂಗಳೊಂದಕ್ಕೆ ನಲವತ್ತೊಂದು ದಿನ ಹೇಗೆ ಎಂದು ನೀವು ಕೇಳುತ್ತೀರಿ. ಮಳೆ ಬರುವ ತನಕ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ, ಅಷ್ಟೆ. ನಿಮಗೆ ಬರೆಯುವವರು ಮಾತಿನ ವಿಚಿತ್ರಕ್ಕೆ ಮೊದಲು ಕ್ಷಮೆ ಕೇಳಬೇಕು ಎಂಬುದು ಇಲ್ಲಿನ ವಾಡಿಕೆ. ಕೇಳಿದ್ದೇನೆ. ಎರಡನೆಯ ಸಲ ಕೇಳುವುದಿಲ್ಲ. ನಿಮ್ಮ ಮೇಲೆ ಗೌರವವಿದ್ದು ಬರೆಯುತ್ತಿರುವ ಕಾಗದ ಇದಲ್ಲ.

ನನ್ನ ಹೆಸರು ನೀಲಗಂಗಾ. ಕಪ್ಪತಗುಡ್ಡದ ಸೆರಗಿನಲ್ಲಿ, ನೀವು ನೆಟ್ಟು ಮರೆತ ಗಾಳಿಯಂತ್ರಗಳ ಮೋಟುಕಂಬಗಳ ನಡುವೆ ನಮ್ಮ ಊರಿದೆ. ಇಲ್ಲಿ ಮನೆಗೊಂದು ಅಂಗೈತೊಟ್ಟಿ ಇರಲೇಬೇಕು. ಅಂಗೈತೊಟ್ಟಿ ಎಂದರೆ ಮಂಚದಷ್ಟು ಅಗಲದ, ಅಂಗೈ ನಿಲ್ಲಿಸಿದಷ್ಟೇ ಆಳದ ಕಲ್ಲಿನ ತೊಟ್ಟಿ. ಒಂದು ಕಡೆ ಕಪ್ಪುಮಣ್ಣನ್ನು ದಿಬ್ಬದಂತೆ ಏರಿಸಿ, ಅದು ಜಾರದ ಹಾಗೆ ಬೆಣಚುಕಲ್ಲು ಒತ್ತುತ್ತೇವೆ. ಆ ದಿಬ್ಬದಲ್ಲಿ ಬಜೆ, ಒಂದೆಲಗ, ಕೆಸು ನಿಲ್ಲುತ್ತವೆ. ಬೇರು ನೀರಿನೊಳಗೆ, ಎಲೆ ಗಾಳಿಯಲ್ಲಿ. ಮೀನಿನ ಹೊಲಸನ್ನು ಬೇರು ತಿನ್ನುತ್ತದೆ, ಬಿಸಿಲನ್ನು ಎಲೆ ತಡೆಯುತ್ತದೆ. ನಿಮ್ಮ ಹಾಗೆ ಗುರ್ ಎನ್ನುವ ಯಂತ್ರ ಇಡುವುದಿಲ್ಲ, ತಳಕ್ಕೆ ನೀಲಿ ಬಣ್ಣದ ಹರಳು ಸುರಿಯುವುದಿಲ್ಲ. ಗಾಳಿ ಕುಡಿದಷ್ಟು ನೀರನ್ನು ಬೆಳಿಗ್ಗೆ ಮಳೆಗುಡಾಣದಿಂದ ತಂದು ಕಲ್ಲಿನ ಅಂಚಿಗೆ ಹನಿಹನಿಯಾಗಿ ಬಿಡುತ್ತೇವೆ. ಜೋರಾಗಿ ಹೊಯ್ದರೆ ಮಣ್ಣೆದ್ದು ಮರಿಗಳ ಕಿವಿರು ಕಟ್ಟುತ್ತದೆ. ಕೆಸುವಿನ ಹಳದಿ ಎಲೆಯನ್ನು ಕೊಳೆಯುವ ಮುಂಚೆ ಚಿವುಟುತ್ತೇವೆ. ಹೊಸ ಸೊಸೆಗೆ ಒಲೆಗಿಂತ ಮೊದಲು ಕಲಿಸುವುದು ಇದನ್ನೇ.

ಆ ನೀರಿನಲ್ಲಿ ಇರುವುದು ಸಸಲು, ಉಗುರಿನಷ್ಟೇ ಉದ್ದದ ಮೀನು. ನಿಮ್ಮ ಕಾಲದಲ್ಲಿ ಅದು ಗದ್ದೆಯ ಕಾಲುವೆಯಲ್ಲೂ ಸಿಗುತ್ತಿತ್ತಂತೆ, ಮಕ್ಕಳು ಟವೆಲಿನಲ್ಲಿ ಹಿಡಿಯುತ್ತಿದ್ದರಂತೆ. ಈಗ ಅದು ನಮ್ಮ ತೊಟ್ಟಿಗಳ ಹೊರಗೆ ಎಲ್ಲೂ ಇಲ್ಲ. ಹೊರಗೆಲ್ಲ ನಿಮ್ಮ ಅಂಟುಬಾಯಿ. ಅದಕ್ಕೆ ನೀವು ಬೇರೆ ಹೆಸರಿಟ್ಟಿರಬಹುದು. ಗಾಜಿಗೆ ಹೊಟ್ಟೆಕಡೆಯ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ ಮೀನು. ಗಾಜು ತಿಕ್ಕುವ ಸೋಮಾರಿತನಕ್ಕೆ ಅದನ್ನು ತಂದಿರಿ. ಅದು ಮೊಳದುದ್ದ ಬೆಳೆಯಿತು, ಪೆಟ್ಟಿಗೆ ಸಾಲದಾಯಿತು. ಆಗ ನಿಮಗೆ ದಯೆ ಉಕ್ಕಿತು. ಕೆರೆಗೆ ಒಯ್ದು ಬಿಟ್ಟಿರಿ, ಹೋಗಿ ಬಾರಪ್ಪಾ ಎಂದು ಕೈ ಕೂಡ ಮುಗಿದಿರಬೇಕು. ಅದು ಹೋಯಿತು, ಬಂತು, ಏರಿಯೊಳಗೆ ಬಿಲ ತೋಡಿ ಮೊಟ್ಟೆಯಿಟ್ಟಿತು. ಮೈತುಂಬ ಮುಳ್ಳಿನ ಕವಚವಿರುವ ಅದನ್ನು ಕೊಕ್ಕರೆಯೂ ನುಂಗದು. ಬಿಲಬಿಲವಾದ ಏರಿಗಳು ಒಂದೊಂದಾಗಿ ಕುಸಿದವು. ನಮ್ಮ ವರ್ಷದ ಎಣಿಕೆ ಶುರುವಾಗುವುದೇ ಅಲ್ಲಿಂದ.

ನಮ್ಮೂರಲ್ಲಿ ಕಲ್ಲು ಕಟ್ಟಿದ ಒಂದು ಹೊಂಡವಿದೆ, ಅಕ್ಕನಹೊಂಡ. ಅದನ್ನಾದರೂ ಶುದ್ಧ ಮಾಡಿ ಸಸಲನ್ನು ಬಯಲಿಗೆ ಬಿಡೋಣ ಎಂದು ಹೊರಟವಳು ಹನಮವ್ವ. ನೀರಿನ ಮಾತಿನಲ್ಲಿ ಊರಿಗೆ ಹಿರಿಯಳು. ಹೊಂಡ ಬತ್ತಿಸಿ, ಸಂದುಸಂದಿನಿಂದ ಅಂಟುಬಾಯಿಗಳನ್ನು ಎಳೆದು ಕೊಂದು, ಎರಡು ಬೇಸಿಗೆ ತಳವನ್ನು ಬಿರುಕು ಬಿಡುವಂತೆ ಒಣಗಿಸಿದೆವು. ನನ್ನ ತಮ್ಮ ಗುರುಪಾದನೂ ನನ್ನ ಪಕ್ಕದಲ್ಲೇ ಕೆಸರು ಹೊತ್ತ. ಮೂರನೆಯ ವರ್ಷ ಮಳೆ ಬಂದು ಹೊಂಡ ತುಂಬಿತು. ಪ್ರತಿ ಮನೆಯೂ ತನ್ನ ತೊಟ್ಟಿಯ ಅರ್ಧ ಮೀನು ಕೊಟ್ಟಿತು. ಅಷ್ಟು ನೀರನ್ನು ಎಂದೂ ಕಾಣದ ಸಸಲುಗಳು ಮೊದಲು ಮೆಟ್ಟಿಲ ಬಳಿಯೇ ಗುಂಪುಗಟ್ಟಿದವು. ಆಮೇಲೆ ಒಂದು ಆಳದ ಕಡೆಗೆ ಹೊರಳಿತು, ಹಿಂದೆ ಎಲ್ಲವೂ ಹೊರಳಿದವು. ಹನಮವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮರುವರ್ಷ ಹೊಂಡದ ನೀರು ಕದಡತೊಡಗಿತು. ಯಾರೂ ಇಳಿಯದ ನೀರು ತಾನಾಗಿ ಕದಡುವುದಿಲ್ಲ. ಹನಮವ್ವ ಸೊಂಟದ ತನಕ ಇಳಿದು, ಕಲ್ಲಿನ ಸಂದಿಗೆ ತೋಳು ತೂರಿಸಿದಳು. ತೋಳು ಹೊರಗೆ ಬಂದಾಗ ರಕ್ತ ಸುರಿಯುತ್ತಿತ್ತು. ಮುಷ್ಟಿಯಲ್ಲಿ ಹಳದಿ ಮೊಟ್ಟೆಗಳ ಮುದ್ದೆಯಿತ್ತು.

ಅಂದು ಸಂಜೆಯೇ ಊರು ಕೂಡಿತು. ಯಾರೂ ಕೇಳುವ ಮೊದಲೇ ಗುರುಪಾದ ಎದ್ದು ನಿಂತ.

"ನಾನಽ ಬಿಟ್ಟೀನ್ರಿ," ಎಂದ. "ಹೊಂಡ ಬತ್ತಿಸಿದಾಗ ಎರಡು ಮರಿ ಸಿಕ್ಕಿದ್ವು. ವೀಳ್ಯದೆಲೆ ತೊಟ್ಟಿನಷ್ಟಿದ್ವು. ಕೊಲ್ಲಾಕ ಕೈ ಬರಲಿಲ್ಲ. ನಮ್ಮ ತೊಟ್ಟ್ಯಾಗ, ಕೆಸುವಿನ ಬುಡಕ್ಕ ಇಟ್ಕೊಂಡೆ."

ನಾನು ದಿನಾ ಹೋಗಿಬರುತ್ತಿದ್ದ ಮನೆ ಅದು. ಅವನ ತೊಟ್ಟಿಯಲ್ಲಿ ಕೆಸು ಯಾಕಷ್ಟು ದಟ್ಟವಾಗಿದೆ ಎಂದು ಒಮ್ಮೆ ಹೊಗಳಿಯೂ ಇದ್ದೆ.

"ಬೆಳದ ಮ್ಯಾಲೆ?" ಎಂದಳು ಹನಮವ್ವ.

"ಬೆಳದ ಮ್ಯಾಲೆ ಅವುಗಳ ಬೆನ್ನು ನೀರಿನಿಂದ ಹೊರಗ ಬಂತಬೇ. ಅಂಗೈ ನೀರು ಅವಕ್ಕ ಎಲ್ಲಿ ಸಾಕಾಗ್ತದ? ಬೆನ್ನು ಒಣಗಿ ಸಿಪ್ಪಿ ಏಳಾಕತ್ತಿತ್ತು. ಬೊಗಸಿಲೆ ನೀರು ಹಾಕ್ತಿದ್ದೆ, ಹಾಕ್ದಂಗ ಒಣಗ್ತಿತ್ತು. ನೋಡಾಕ ಆಗಲಿಲ್ಲ. ಹಸಿ ಗೋಣಿಚೀಲದಾಗ ಸುತ್ತಿ ಒಯ್ದು ಬಿಟ್ಟೆ."

"ನಿನಗ ನೋಡಾಕ ಆಗಲಿಲ್ಲಂತ ಊರ ಹೊಂಡ ಕೊಟ್ಟೇನೋ?" ಎಂದು ಕೂಗಿದವಳು ನಾನು. "ನಮ್ಮ ಸಸಲಿನ ಬೆನ್ನು ನಿನಗ ಕಾಣಲಿಲ್ಲೇನು?"

"ಅಕ್ಕಾ, ಅವೂ ಜೀವ ಅಲ್ಲೇನು?"

ಆ ಮಾತು ಅವನದಲ್ಲ, ನಿಮ್ಮದು. ಅದನ್ನು ನೀವು ಆಡಿ, ಕೈ ತೊಳೆದುಕೊಂಡು, ಮನೆಗೆ ಹೋಗಿ ಉಂಡು ಮಲಗಿದಿರಿ. ಇಷ್ಟು ತಲೆಮಾರು ದಾಟಿ, ಅದೇ ಮೃದುವಾದ ದನಿಯಲ್ಲಿ, ನನ್ನ ತಮ್ಮನ ಬಾಯಿಂದ ಬಂತು.

ಅವನ ತೊಟ್ಟಿಯನ್ನು ಬರಿದು ಮಾಡಬೇಕು ಎಂದು ಊರು ತೀರ್ಮಾನಿಸಿತು. ಕೆಲಸ ನನ್ನ ಮೇಲೆ ಬಿತ್ತು, ಅವನಿಗೆ ಅಕ್ಕ ಎಂದು. ಬಜೆಯನ್ನು ಬೇರುಸಹಿತ ಕಿತ್ತೆ, ಒಂದೆಲಗವನ್ನು ಚಾಪೆಯ ಹಾಗೆ ಸುತ್ತಿದೆ. ಬಟ್ಟೆಯ ಜೋಳಿಗೆಯಲ್ಲಿ ಸಸಲುಗಳನ್ನು ಬಳಿದು ನನ್ನ ಕೊಡಕ್ಕೆ ಹಾಕಿದೆ. ಗುರುಪಾದ ಬಾಗಿಲಿಗೆ ಒರಗಿ ನಿಂತಿದ್ದ. "ಅಕ್ಕಾ, ಒಂದೆರಡಾದ್ರೂ ಬಿಡು," ಎಂದ. "ತೊಟ್ಟಿ ಖಾಲಿ ಇದ್ರ ಮನಿ ಸತ್ತಂಗ ಆಗ್ತದ." ನಾನು ಬಿಡಲಿಲ್ಲ. ಹೊಸಿಲು ದಾಟುವಾಗ ಕೊಡ ನನ್ನ ಸೊಂಟದಲ್ಲಿ ತುಳುಕಿತು. ಹನಿಗಳು ಅವನ ಪಾದದ ಮೇಲೆ ಬಿದ್ದವು. ಅವನು ಕಾಲು ಹಿಂದೆಗೆಯಲಿಲ್ಲ.

ಹೊಂಡವನ್ನು ಮತ್ತೆ ಬತ್ತಿಸಿದೆವು. ಬಯಲಿನಲ್ಲಿ ಹುಟ್ಟಿದ ಸಸಲುಗಳಲ್ಲಿ ಒಂದು ಪರಾತ ತುಂಬುವಷ್ಟು ಕೈಗೆ ಸಿಕ್ಕವು. ಉಳಿದವು ಕೆಸರಿನಲ್ಲಿ ಅಭ್ರಕದ ಚೂರುಗಳಂತೆ ಹೊಳೆದು ಸತ್ತವು. ಎರಡನೆಯ ದಿನ ಗುರುಪಾದ, ಯಾರೂ ಕರೆಯದಿದ್ದರೂ, ಬಂದು ಇಳಿದ. ಅಂಟುಬಾಯಿಯ ಮರಿಗಳನ್ನೆಲ್ಲ ನಾವು ಆರಿಸಿ ಕೊಂದೆವು. ದೊಡ್ಡ ಎರಡನ್ನು ಅವನೇ ಸಂದಿಯಿಂದ ಎಳೆದ. ಅವು ಅವನ ಕೈಗೆ ಅಂಟಿಕೊಂಡವು, ಗುರುತು ಹಿಡಿದವೋ ಏನೋ. ಮೆಟ್ಟಿಲ ಮೇಲೆ ಒಂದಾದ ಮೇಲೊಂದನ್ನು ಇಟ್ಟು, ಕಲ್ಲೆತ್ತಿ ತಲೆಗೆ ಹೊಡೆದ. ಬಿಕ್ಕುತ್ತಲೇ ಹೊಡೆದ. ಯಾರೂ ಅವನ ಹತ್ತಿರ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ಊಟ ಕೊಟ್ಟರೆ ಉಣ್ಣುತ್ತಾನೆ. ಕೆಸರು ಹೊರುವಾಗ ನನ್ನ ಪಕ್ಕದಲ್ಲೇ ಬಂದು ನಿಲ್ಲುತ್ತಾನೆ.

ಅವನ ಮೇಲೆ ಕೂಗುವಷ್ಟು ಕೂಗಿ ಮುಗಿಸಿದ್ದೇನೆ. ಹೇಳಿಕೇಳಿ ಬೆನ್ನಿಗೆ ಬಿದ್ದ ತಮ್ಮ. ಸಿಟ್ಟು ಮಾತ್ರ ಇನ್ನೂ ಉಳಿದಿದೆ, ಅದನ್ನು ನಿಮ್ಮ ಮನೆಗೆ ಕಳಿಸುತ್ತಿದ್ದೇನೆ. ಮೀನು ಬಿಡುವಾಗ ನಿಮಗಾದ ಅಳಲೂ ನಿಜವೇ ಇರಬಹುದು. ಅದರಿಂದ ನನಗೆ ಏನೂ ಆಗಬೇಕಿಲ್ಲ. ನನ್ನ ತಮ್ಮ ತಾನು ಮಾಡಿದ್ದನ್ನು ತನ್ನ ಕೈಯಾರೆ ಮುಗಿಸಿದ. ನೀವು ಯಾರೂ ಹಿಂತಿರುಗಿ ಬಂದು ಒಂದು ಬಿಲಕ್ಕೂ ಕೈ ಹಾಕಲಿಲ್ಲ.

ಸಾಕಲಾಗದ್ದನ್ನು ತರಬೇಡಿ. ತಂದಿದ್ದರೆ ಸಾಯುವ ತನಕ ಸಾಕಿ. ಅದೂ ಆಗದಿದ್ದರೆ ನಿಮ್ಮ ಕೈಯಿಂದಲೇ ಕೊಲ್ಲಿ. ಅಳು ಬಂದರೆ ಅಳುತ್ತ ಕೊಲ್ಲಿ, ಆ ರಾತ್ರಿ ನಿದ್ದೆ ಬರದಿದ್ದರೆ ಎದ್ದು ಕೂತಿರಿ. ಆ ಒಂದು ರಾತ್ರಿಯನ್ನು ತಪ್ಪಿಸಿಕೊಳ್ಳಲು ಕೆರೆಗೆ ಹೋಗಬೇಡಿ.

ಈ ಸಾಲು ಓದುವ ಹೊತ್ತಿಗೆ ನಿಮ್ಮಲ್ಲೊಬ್ಬರು ಬಕೆಟ್ಟು ಹಿಡಿದು ಏರಿ ಹತ್ತುತ್ತಿದ್ದೀರಿ. ಮೇಲೆ ತಣ್ಣನೆಯ ಗಾಳಿ ಬೀಸುತ್ತಿರುತ್ತದೆ, ಮನಸ್ಸು ಹಗುರಾಗತೊಡಗಿರುತ್ತದೆ. ಅಲ್ಲೇ ನಿಲ್ಲಿ. ಮನೆಗೆ ತಿರುಗಿ.

ನೀಲಗಂಗಾ