ಬೋರಲು ಮಲಗಿದವರು

ಅಲ್ಲಾಲ್ ದೊಡ್ಡಪ್ಪನಿಗೆ ತಾಮು ಮಾಡುವ ಸಲಾಮು.

ನನ್ನ ಕಲ್ಲು ತೆಗೆದರು. ಬೆನ್ನಿನಲ್ಲಿ ಬೆರಳೂ ತೂರದಷ್ಟು ಸಣ್ಣ ತೂತು, ಅಷ್ಟೇ. ನನ್ನ ಎರಡು ಮೂತ್ರಪಿಂಡಗಳೂ ಕೆಳಗಡೆ ಕೂಡಿಕೊಂಡು ಕುದುರೆ ಲಾಳದ ಹಾಗಿವೆಯಂತೆ. ಅದಕ್ಕೇ ನೋವು ಸೊಂಟ ಬಿಟ್ಟು ಹೊಟ್ಟೆಯಲ್ಲಿ ಬರುತ್ತಿತ್ತು. "ಮನೇಲಿ ಇನ್ಯಾರಿಗಾದ್ರೂ ಹೀಗಿತ್ತೇನಮ್ಮಾ?" ಎಂದರು ಡಾಕ್ಟರು. ಲಾಳ ಕಟ್ಟುವವರ ಮನೆಯವಳು ನಾನು, ನಗು ಬರಬೇಕಿತ್ತು. ಅಪ್ಪ ನೆನಪಾದರು.

ಉಪವಾಸದ ತಿಂಗಳಲ್ಲಿ ಅಪ್ಪ ಹೊಟ್ಟೆ ಒತ್ತಿಕೊಂಡು ಅಂಗಡಿಯ ನೆಲದ ಮೇಲೆ ಬೋರಲು ಮಲಗುತ್ತಿದ್ದರಲ್ಲ. ನೀವು, "ಏಳೋ ಮೈಗಳ್ಳ, ಕುದುರೇನೇ ನಿಂತ್ಕೊಂಡು ನಿದ್ದೆ ಮಾಡುತ್ತೆ, ನಿನಗೇನೋ ಬಂದಿರೋದು?" ಅನ್ನುತ್ತಿದ್ದಿರಿ. ಅಂಗಡಿಯೆಲ್ಲ ನಗುತ್ತಿತ್ತು. ಅಪ್ಪನೂ ನಗುತ್ತ ಏಳುತ್ತಿದ್ದರು. ಮೂತ್ರ ಕಟ್ಟಿ ತೀರಿಕೊಂಡರಲ್ಲ, ಅದರ ಹಿಂದಿನ ದಿನವೂ ಹಾಗೇ ಎದ್ದರು.

ಕೆಲವು ಮನೆತನಗಳಲ್ಲಿ ಇದು ಬರುವುದುಂಟಂತೆ. ಈಚೆಗೆ ನೀವೂ ಹೊಟ್ಟೆ ಹಿಡಿದುಕೊಳ್ಳುತ್ತೀರೆಂದು ದೊಡ್ಡಮ್ಮ ಹೇಳಿದರು. ಬಾರ್ಲಿ ನೀರು ಕುಡಿದದ್ದು ಸಾಕು, ಬಂದುಬಿಡಿ. ಸಡಿಲವಾದ ನಿಲುವಂಗಿ ತನ್ನಿ. ಇಲ್ಲಿ ಬೋರಲು ಮಲಗಿಸಿಯೇ ಕಲ್ಲು ತೆಗೆಯುತ್ತಾರೆ, ದೊಡ್ಡಪ್ಪ. ಏಳು ಎಂದು ಯಾರೂ ಅನ್ನುವುದಿಲ್ಲ.

ನಿಮ್ಮ ತಮ್ಮನ ಮಗಳು,
ತಾಮು
ರಬಾತ್, ಆಸ್ಪತ್ರೆಯಿಂದ