ಕೊನೆಯ ನುಡಿಯಲ್ಲಿ ಯಾರ ಹೆಸರು

ಜೂನ್ 4

ಕಂಡಕ್ಟರ್ ಡ್ಯೂಟಿಗೆ ಮತ್ತೆ ಕಡೇಚೂರು ರೂಟೇ ಹಾಕಿದ್ದಾರೆ. ಯಾದಗಿರಿ ಬಿಟ್ಟು ಬಳಿಚಕ್ರ ಮುಟ್ಟುವ ಮೊದಲೇ ಟಿಕೆಟ್ ಮಶೀನು ಕೈಕೊಟ್ಟಿತು. ಡ್ರೈವರ್ ಲಕ್ಷ್ಮಿಕಾಂತನಿಗೆ ನಗು, ನನಗೆ ಸಿಟ್ಟು.

ಮಧ್ಯಾಹ್ನ ಸುರಪುರದಿಂದ ಯಂಕಣ್ಣ ಕಾಕಾನ ಫೋನ್. ತವರಿನ ಓಣಿಯಲ್ಲಿ ಮೊಹರಂ ಪದ ಹಾಡುವ ರಿವಾಯತ್ ಮೇಳದಲ್ಲಿ ಮುಂದೆ ನಿಂತು ಹಾಡುವವ. "ಬಾಷುಮಿಯಾಗ ಈ ಸಲ ಮೊಹರಂ ಪದ ಕಟ್ಟಾಕ ಆಗಂಗಿಲ್ಲಂತ. ದಮ್ಮು ಹತ್ತತೈತಿ. ಯಶೋಧರಾನೇ ಕಟ್ಟಲಿ ಅಂದಾನ."

ನಾನು! ಚಿಕ್ಕಂದಿನಿಂದ ಬಳೆಗಾರ ಬಾಷುಮಿಯಾ ಚಾಚಾ ಕಟ್ಟಿ ಹೇಳಿದ ಪದಗಳನ್ನು ಬರೆದುಕೊಂಡವಳು, ಅಷ್ಟೇ. ಹೆಣ್ಣುಮಗಳು ಕಟ್ಟಿದ ಪದವನ್ನು ಈ ಮೇಳ ಇದುವರೆಗೆ ಹಾಡಿಲ್ಲ. "ಕೆಟ್ಟರ ಹಳೇವೇ ಹಾಡ್ತೀವಿ ನೋಡು. ಮತ್ತ ನಿನ್ನ ಕೇಳಂಗಿಲ್ಲ" ಅಂತಲೂ ಅಂದ. ನಯವಾಗಿ ಮಾತಾಡುವುದು ಕಾಕಾನ ಜಾಯಮಾನವೇ ಅಲ್ಲ.

ಜೂನ್ 8

ಪದ ಆಯಿತು! ಕರ್ಬಲಾ ಕಾಳಗದ ಕತ್ತಿ, ಕುದುರೆ, ಸಿಡಿಲು, ರಕ್ತದ ಹೊಳೆ — ಏನೂ ಬಿಟ್ಟಿಲ್ಲ. ಕೊನೆಯ ನುಡಿಯಲ್ಲಿ ಮೇಳದ ರೂಢಿಯಂತೆ ಗುರುವಿನ ಹೆಸರು, ಊರ ಹೆಸರು. ಫೋನಿನಲ್ಲೇ ಹಾಡಿ ತೋರಿಸಿದೆ. "ಥೇಟ್ ಬಾಷುಮಿಯಾ!" ಅಂದ ಕಾಕಾ. ಕಾಲು ನೆಲದ ಮೇಲಿಲ್ಲ.

ಜೂನ್ 10, ವೀಕ್ಲಿ ಆಫ್

ಶಹಾಪುರದಲ್ಲಿ ಬಸ್ ಬದಲಿಸಿ ಸುರಪುರ. ಚಾಚಾ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಸೊರಗಿದ್ದಾರೆ. ಕಣ್ಣು ಮಾತ್ರ ಅದೇ ಕಣ್ಣು.

ಹಾಡತೊಡಗಿದೆ. ನಾನು ಒಂದು ಸಾಲು ಹಾಡಿದರೆ ಮುಂದಿನದನ್ನು ಚಾಚಾ ಹೇಳಿಬಿಡುತ್ತಿದ್ದರು — ಕೇಳಿಯೇ ಇಲ್ಲದ ಪದವನ್ನು, ಪ್ರಾಸದ ಸಮೇತ! ಆಮೇಲೆ ನಕ್ಕರು. "ಬೇಟಾ, ಇದು ನಂದ ಐತಿ. ನಿನ್ನ ಬಸ್ಸಿನ್ಯಾಗ ದಿನಾ ಅಷ್ಟು ಮಂದಿ ಮಾತಾಡ್ತಾರ. ಒಬ್ಬರರ ಈ ಪದದಾಗ ಹತ್ತ್ಯಾರೇನು?"

ಕುಬ್ರಾ ಚಾಚಿ ಚಹಾ ಕೊಡುತ್ತ, "ಅವರು ಬಳಿ ಇಡಿಸಿ ಇಡಿಸಿ ಪದಾ ಕಲ್ತಾರವಾ" ಅಂದರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಚಾಚಾ ಬಳೆ ಇಡಿಸುವುದನ್ನು ಎಷ್ಟು ಸಲ ನೋಡಿದ್ದೇನೆ... ಮಾತಾಡಿಸುತ್ತ, ಗೆಣ್ಣು ಒತ್ತುತ್ತ, ನಿಧಾನ, ನಿಧಾನ. ನೋವು ಅನ್ನುವಷ್ಟರಲ್ಲಿ ಬಳೆ ಏರಿರುತ್ತದೆ. ಅವರ ಪದಗಳೂ ಹಾಗೇ. ಹರಟುತ್ತ ಹೋಗಿ ಕೊನೆಗೆ ಒಂದೇ ಮಾತಿಗೆ ಅಳಿಸಿಬಿಡುತ್ತವೆ. ಎಂಥ ಮನುಷ್ಯ! ನಾನು ಅವರ ಕತ್ತಿ, ಕುದುರೆಗಳನ್ನಷ್ಟೇ ಎತ್ತಿಕೊಂಡು ಬಂದಿದ್ದೆ. ಪದ ಹರಿದು ಹಾಕಿದೆ.

ಜೂನ್ 15

ಬರೆದೆ, ಹೊಡೆದು ಹಾಕಿದೆ. ಪೆನ್ ಹಿಡಿದರೆ ಚಾಚಾ ಬಂದು ಕೂಡುತ್ತಾರೆ. ಪಾಪ, ಒಬ್ಬ ಪ್ಯಾಸೆಂಜರ್ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಜೂನ್ 19

ಸಂಜೆಯ ಕೊನೆ ಟ್ರಿಪ್, ಕಡೇಚೂರಿನಿಂದ ವಾಪಸ್. ಬಳಿಚಕ್ರದಲ್ಲಿ ಆ ಊರ ಸಾಯಬಮ್ಮ ಎಂದಿನಂತೆ ಬಸ್ಸಿನೊಳಗೆ ಇಣುಕಿದಳು. "ಯಕ್ಕಾ, ಫ್ಯಾಕ್ಟ್ರಿಯಿಂದ ನಮ್ಮವ ಬಂದಾನೇನ್ರಿ?" ಓವರ್‌ಟೈಮ್ ಬಿದ್ದರೆ ಅವಳ ಗಂಡ ಕಡೇಚೂರಿನ ಫ್ಯಾಕ್ಟ್ರಿಯಲ್ಲೇ ಉಳಿಯುತ್ತಾನೆ, ಫೋನೂ ಎತ್ತುವುದಿಲ್ಲ. ನಾನೂ ಎಂದಿನಂತೆ, "ಹಿಂದ ಬರೋ ಬಸ್ಸಿಗೆ ಬರ್ತಾನ ತಗೋವಾ" ಅಂದೆ.

ಹಿಂದೆ ಬಸ್ಸೇ ಇಲ್ಲ. ನಮ್ಮದೇ ಕೊನೆಯದು. ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಹೂಂ ಅಂದು ಮನೆ ಕಡೆ ತಿರುಗುತ್ತಾಳೆ.

ಇವತ್ತು ಸೀಟಿ ಊದುವುದನ್ನೇ ಮರೆತೆ. ಕರ್ಬಲಾದಲ್ಲಿ ಬಾಯಾರಿದ ಕೂಸು ಸಕೀನಾ. ಅವಳಿಗೆ ನೀರು ತರಲು ಹೊಳೆಗೆ ಹೋದ ಕಾಕಾ ಅಬ್ಬಾಸ ತಿರುಗಿ ಬರಲೇ ಇಲ್ಲ. ಆ ಕೂಸಿಗೂ ಯಾರೋ ಹೀಗೇ ಹೇಳಿರಬೇಕಲ್ಲ... ಲಕ್ಷ್ಮಿಕಾಂತ ಹಿಂದೆ ತಿರುಗಿ, "ಮೇಡಂ, ರೈಟ್ ಅನ್ರಲ್ಲ!" ಅಂದ.

ಜೂನ್ 21

ಬಸ್ಸಿನಲ್ಲಿ ನಿಂತುಕೊಂಡೇ ಕಟ್ಟಿದ್ದು —

ನೀರಿಗೆ ಹೋದ ಕಾಕಾ ಬಂದಾನೇನ್ರಿ?
ಬರ್ತಾನ ಕೂಸ, ಹಿಂದಿಂದ ಬರ್ತಾನ.
ಹಿಂದ ಯಾರದಾರ್ರಿ, ಬರೇ ಧೂಳ ಕಾಣತೈತಿ?
ಧೂಳಿನಾಗ ಅದಾನ ಕೂಸ, ಹಿಂದಿಂದ ಬರ್ತಾನ.

ಕತ್ತಿಯಿಲ್ಲ, ಕುದುರೆಯಿಲ್ಲ. ಫೋನಿನಲ್ಲಿ ಕೇಳಿದ ಯಂಕಣ್ಣ ಕಾಕಾ, "ಇದೇನಬೇ? ಬಸ್‌ಸ್ಟ್ಯಾಂಡಿನ್ಯಾಗ ಮಾತಾಡಿದಂಗೈತಿ. ಮಂದಿ ನಗ್ತಾರ" ಅಂದ. ಬಾಷುಮಿಯಾ ಹೂಂ ಅಂದರಷ್ಟೇ ಹಾಡುತ್ತಾನಂತೆ. ಆದರೂ ಒಂದು ಶಬ್ದ ಬದಲಿಸಲು ಮನಸ್ಸಿಲ್ಲ.

ಜೂನ್ 24, ವೀಕ್ಲಿ ಆಫ್

ಆದದ್ದನ್ನು ಆದಂತೆ ಬರೆಯುತ್ತೇನೆ.

ಸುರಪುರಕ್ಕೆ ಹೋಗಿ ಹಾಡಿದೆ. ಈ ಸಲ ಚಾಚಾ ಒಂದು ಸಾಲನ್ನೂ ಮುಂಚೆ ಹೇಳಲಿಲ್ಲ. ತಲೆ ತಗ್ಗಿಸಿ ಕೂತುಬಿಟ್ಟರು. ಕೊನೆಯ ನುಡಿಗೆ ಬಂದೆ — ಗುರು ಬಾಷುಮಿಯಾ, ಊರು ಸುರಪುರ.

"ಆ ಹೆಸರ ತಗಿ" ಅಂದರು.

ನಮ್ಮ ಮೇಳದಲ್ಲಿ ಗುರು ತನ್ನ ಹೆಸರು ತೆಗೆಸಿದರೆ ಶಿಷ್ಯ ಮೇಳದ ಹೊರಗೆ. ಅಷ್ಟು ಕೆಟ್ಟಿದೆಯಾ? ಹಾಳೆ ಮಡಚಿ ಎದ್ದೆ. ಒಂದು ಚಪ್ಪಲಿ ಮೆಟ್ಟಿಯೂ ಆಗಿತ್ತು.

"ಕುಂದ್ರಬೇ, ಹುಚ್ಚಿ!" ಚಾಚಿ ಒದರಿದರು. "ಅವರ ಮಾರಿ ಆದರೂ ನೋಡು."

ನೋಡಿದೆ. ಚಾಚಾ ಅಳುತ್ತಿದ್ದರು. ಊರನ್ನೆಲ್ಲ ಅಳಿಸಿದ ಮನುಷ್ಯ!

"ಇದು ನನಗ ಬರ್ತಿದ್ದಿಲ್ಲ ಬೇಟಾ" ಅಂದರು, ಉಸಿರು ತಡೆದು ತಡೆದು. "ಎಷ್ಟ ವರ್ಷ ಸಕೀನಾನ ಪದಾ ಕಟ್ಟೀನಿ. ಆ ಕೂಸಿಗಿ ಮಂದಿ ಏನ್ ಹೇಳಿರಬೇಕು ಅಂತ ನನಗ ಹೊಳೀಲೇ ಇಲ್ಲ. ನಂದಲ್ಲದ್ದಕ್ಕ ನನ್ನ ಹೆಸರ ಹ್ಯಾಂಗ ಹಚ್ಚಿಕೊಳ್ಳಲಿ? ನಿಂದ ಹಾಕು."

"ಚಾಚಾ, ಹೆಣ್ಣಿನ ಹೆಸರ ಮೇಳದವರು ಹಾಡ್ತಾರೇನ್ರಿ?"

"ಯಂಕಣ್ಣಗ ನಾ ಹೇಳ್ತೀನಿ."

ನಾನೂ ಅತ್ತೆ. ಇಷ್ಟು ದೊಡ್ಡವರು ಇಷ್ಟು ಸಲೀಸಾಗಿ ಕೆಳಗಿಳಿದು ನನಗೆ ಜಾಗ ಮಾಡಿಕೊಟ್ಟರಲ್ಲ. ಈ ಜನ್ಮದಲ್ಲಿ ಅವರಷ್ಟು ದೊಡ್ಡವಳು ನಾನು ಆಗಲಾರೆ.

ಜೂನ್ 26, ಬೆಳಿಗ್ಗೆ, ಡಿಪೋ

ಸಂಜೆ ಚಂದ್ರ ಕಂಡರೆ ನಾಳೆ ಮೊಹರಂ ಶುರು. ಈಗಷ್ಟೇ ಯಂಕಣ್ಣ ಕಾಕಾನ ಫೋನ್. "ಹೆಣ್ಣಿನ ಹೆಸರಿದ್ರ ಇರಲಿ, ತಾಳಕ್ಕ ಕೂಡಬೇಕಷ್ಟ. ಕೊನೀ ನುಡಿ ಲಗೂನ ಕಳಸು." ಅವನ ಬಾಯಲ್ಲಿ ಇದು ಆಶೀರ್ವಾದವೇ.

ಬರೆಯಲು ಕೂತರೆ ನನ್ನ ಹೆಸರೇ ನನಗೆ ಅಪರಿಚಿತ. ನಾಚಿಕೆ... ಖುಷಿ... ಲಕ್ಷ್ಮಿಕಾಂತ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೀಲಿ.

ಗುರು ಸುರಪುರದಾಗ ಕುಂತು ದಾರಿ ನೋಡ್ಯಾನ,
ಹಿಂದಿಂದ ಬಂದಾಳ ನೋಡ್ರಿ, ಯಶೋ—